ಸೈಕಲ್ಲಿಗೆ ತಕ್ಕ ಹಿಂದೀಪದ ಆಯ್ಕೆ
(ಭಾಷಣದ ಪಾಠ)



ಬೆಂಗಳೂರಿನ ತ್ಯಾಗರಾಜನಗರದಲ್ಲಿ ಬೆಳಗಾಗುವುದು ಸೂರ್ಯನಿಗಿಂತ ಮೊದಲು. ಹಾಲು, ಪತ್ರಿಕೆ, ಹೂವು, ಸೊಪ್ಪು ಇವೆಲ್ಲ ಬೀದಿಗೆ ಬರುವ ಹೊತ್ತಿಗೆ ಇನ್ನೂ ಕತ್ತಲಿರುತ್ತದೆ. ಹತ್ತಿರದ ಗಾಂಧಿ ಬಜಾರಿಗೆ ಸುತ್ತಲಿನ ಹಳ್ಳಿಗಳ ರೈತರು ಒಂದು ಕಾಲದಲ್ಲಿ ಸೈಕಲ್ಲಿನ ಮೇಲೆಯೇ ಸೊಪ್ಪಿನ ಕಟ್ಟು, ಹೂವಿನ ಗಂಟು ಹೇರಿಕೊಂಡು ಬರುತ್ತಿದ್ದರು. ಈಗ ಬಹುಪಾಲು ಸರಕು ಲಗೇಜ್ ಆಟೋ ಮತ್ತು ಮೊಪೆಡ್ಡುಗಳಿಗೆ ಹೋಗಿದೆ. ಆದರೂ ಸೈಕಲ್ಲಿನ ಕೆಲಸ ಮುಗಿದಿಲ್ಲ. ಡೇರಿಗೆ ಹಾಲು ಹಾಕಲು, ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಾಕಲು, ಹಸಿಹುಲ್ಲಿನ ಹೊರೆ ತರಲು ಇಂದಿಗೂ ಅದೇ ಆಸರೆ. ಈ ಓಡಾಟವೆಲ್ಲ ನಡೆಯುವುದು ನಸುಕಿನಲ್ಲಿ ಇಲ್ಲವೆ ಮುಸ್ಸಂಜೆಯಲ್ಲಿ. ಎಮ್ಮೆಗೆ ವಿಮೆ ಮಾಡಿಸುವ ರೈತರು ಸೈಕಲ್ಲಿನ ಹಿಂದೆ ಒಂದು ದೀಪ ಹಾಕಿಸಲು ಮರೆಯುವುದು ಸರಿಯಲ್ಲ.

ಹಿಂದೀಪ ಏಕೆ ಬೇಕು?

ಮುಂದಿನ ದೀಪ ಸವಾರನಿಗೆ ದಾರಿ ತೋರಿಸುತ್ತದೆ. ಹಿಂದಿನ ದೀಪ ಸವಾರನನ್ನು ಇತರರಿಗೆ ತೋರಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಚಾಲಕ ಕಂಡು, ಯೋಚಿಸಿ, ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಕಳೆದಿರುತ್ತದೆ. ಆಮೇಲೆ ವಾಹನ ನಿಲ್ಲಲು ಹೆಚ್ಚುಕಡಿಮೆ ಇನ್ನಷ್ಟೇ ದೂರ ಬೇಕು. ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಅಂದರೆ ಕನಿಷ್ಠ 50 ಮೀಟರ್ ದೂರದಿಂದಲಾದರೂ ಸೈಕಲ್ ಕಾಣಬೇಕು; 150 ಮೀಟರಿನಿಂದ ಕಂಡರೆ ಚಾಲಕ ಗಾಬರಿಯಿಲ್ಲದೆ ಪಕ್ಕಕ್ಕೆ ಸರಿಯಬಲ್ಲ. ಕಂದು ಬಣ್ಣದ ಕಂಬಳಿ ಹೊದ್ದ ಸವಾರ ಡಿಮ್ ಬೆಳಕಿನಲ್ಲಿ ಅಷ್ಟು ದೂರಕ್ಕೆ ಕಾಣುವುದು ಕಷ್ಟ. ಎದುರಿನಿಂದ ಬರುವ ಲಾರಿಯ ಬೆಳಕು ಚಾಲಕನ ಕಣ್ಣು ಕೋರೈಸಿದಾಗಲಂತೂ ಸಾಧ್ಯವೇ ಇಲ್ಲ.

ಬೀದಿದೀಪ ಇದೆಯಲ್ಲ ಎಂದು ಕೆಲವರು ಹೇಳುವುದುಂಟು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿದೀಪ ಕಂಡ ಊರು ಬೆಂಗಳೂರು. ಆದರೆ ಮರಗಳ ಸಾಲಿನ ಕೆಳಗೆ, ಎರಡು ಕಂಬಗಳ ನಡುವೆ ನೆರಳು ಇದ್ದೇ ಇರುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಂಥ ಜನಜಂಗುಳಿಯಲ್ಲಿ ನೂರಾರು ದೀಪಗಳ ನಡುವೆ ಸಣ್ಣ ದೀಪವೊಂದು ಕಣ್ಣಿಗೆ ಬೀಳುವುದೂ ಸುಲಭವಲ್ಲ.

ಯಾವ ಬಗೆಯ ದೀಪ?

1. ರಿಫ್ಲೆಕ್ಟರ್: ಇದು ದೀಪವಲ್ಲ. ಹಿಂದಿನ ವಾಹನದ ಬೆಳಕು ನೇರವಾಗಿ ಬಿದ್ದರೆ ಮಾತ್ರ ಹೊಳೆಯುತ್ತದೆ. ಕೆಸರು ಮೆತ್ತಿದರೆ ಅದೂ ಇಲ್ಲ. ದೀಪದ ಜೊತೆಗೆ ಇರಲಿ, ದೀಪದ ಬದಲಿಗೆ ಬೇಡ.

2. ಡೈನಮೊ: ಚಕ್ರಕ್ಕೆ ಒರಗಿ ತಿರುಗುವ ಹಳೆಯ ಮಾದರಿಯ ಡೈನಮೊ ಸಾಮಾನ್ಯವಾಗಿ 6 ವೋಲ್ಟ್, 3 ವಾಟ್ ಶಕ್ತಿಯದು. ಅದರಲ್ಲಿ ಮುಂದಿನ ಬಲ್ಬಿಗೆ 2.4 ವಾಟ್ ಹೋಗಿ ಹಿಂದಿನದಕ್ಕೆ 0.6 ವಾಟ್ ಮಾತ್ರ ಉಳಿಯುತ್ತದೆ. ಸೆಲ್ಲಿನ ಖರ್ಚಿಲ್ಲ ಎಂಬುದು ಇದರ ಗುಣ. ತುಳಿಯಲು ಭಾರ, ಸೈಕಲ್ ನಿಂತೊಡನೆ ದೀಪ ಆರುತ್ತದೆ ಎಂಬುದು ದೋಷ. ಏರು ಹತ್ತುವಾಗ, ರಸ್ತೆ ದಾಟಲು ನಿಂತಾಗ, ಅಂದರೆ ದೀಪ ಬೇಕೇಬೇಕಾದ ಹೊತ್ತಿನಲ್ಲೇ ಅದು ಮಂಕಾಗುತ್ತದೆ.

3. ಸೆಲ್ಲಿನ ಎಲ್.ಇ.ಡಿ. ದೀಪ: ಬಲ್ಬಿನಲ್ಲಿ ತಂತಿ ಕಾದು ಬೆಳಕು ಬರುವುದರಿಂದ ಹೆಚ್ಚು ಶಕ್ತಿ ಶಾಖವಾಗಿ ಪೋಲಾಗುತ್ತದೆ. ಎಲ್.ಇ.ಡಿ.ಯಲ್ಲಿ ತಂತಿಯೇ ಇಲ್ಲ. ರಸ್ತೆಯ ಕುಲುಕಾಟಕ್ಕೆ ಸುಡುವ ಭಯವೂ ಇಲ್ಲ. ಎರಡು ಪೆನ್ಸಿಲ್ ಸೆಲ್ಲಿನಿಂದ ನಡೆಯುವ ದೀಪ 40 ಮಿಲಿಆಂಪಿಯರ್ ಎಳೆಯುತ್ತದೆ ಎನ್ನೋಣ. ಸೆಲ್ಲಿನ ಸಾಮರ್ಥ್ಯ 1,000 ಮಿಲಿಆಂಪಿಯರ್-ಗಂಟೆ ಇದ್ದರೆ ದೀಪ 25 ಗಂಟೆ ಉರಿಯುತ್ತದೆ. ದಿನಕ್ಕೆ ಎರಡು ಗಂಟೆ ಬಳಸುವವರಿಗೆ ಸುಮಾರು 12 ದಿನ ಬಂತು. ಅಗ್ಗದ ಸೆಲ್ಲಿನಲ್ಲಿ ಇದರ ಅರ್ಧ ಎಂದು ಎಣಿಸಬೇಕು.

4. ಚಾರ್ಜ್ ಮಾಡುವ ದೀಪ: ಮೊಬೈಲಿನ ಚಾರ್ಜರಿನಿಂದಲೇ ತುಂಬಿಸಬಹುದು. ದಿನವೂ ಓಡಾಡುವವರಿಗೆ ಕಡೆಯಲ್ಲಿ ಇದೇ ಅಗ್ಗ. ಆದರೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಚಾರ್ಜ್ ಮಾಡುವ ಅಭ್ಯಾಸ ಬೇಕು.

ಕೊಳ್ಳುವಾಗ ನೋಡಬೇಕಾದದ್ದು

ಅಂಗಡಿಯಲ್ಲಿ ದೀಪವನ್ನು ಕಣ್ಣ ಬಳಿ ಹಿಡಿದು ಪ್ರಖರತೆ ಅಳೆಯಬಾರದು. ಹತ್ತಿರದಲ್ಲಿ ಎಲ್ಲವೂ ಪ್ರಖರವೇ. ಎರಡು ಮೂರು ದೀಪಗಳನ್ನು ಹೊತ್ತಿಸಿಟ್ಟು, ರಸ್ತೆಯ ಆಚೆ ಬದಿಗೆ ಹೋಗಿ ನೋಡಬೇಕು. ನೇರವಾಗಿ ನೋಡಿದ ಮೇಲೆ ಎಡಕ್ಕೂ ಬಲಕ್ಕೂ ಸರಿದು ನೋಡಬೇಕು. ಪಕ್ಕದಿಂದ ಕಾಣದ ದೀಪ ತಿರುವಿನಲ್ಲಿ ನಿರುಪಯೋಗಿ.

ಡಬ್ಬಿಯ ಮೇಲೆ ಲ್ಯೂಮೆನ್ ಎಂಬ ಅಳತೆ ಇರುತ್ತದೆ. ರಾತ್ರಿಯ ಓಡಾಟಕ್ಕೆ 20ರಿಂದ 50 ಲ್ಯೂಮೆನ್ ಸಾಕು. ಅದಕ್ಕಿಂತ ಬಹಳ ಹೆಚ್ಚಿನದು ಹಿಂದಿನವರ ಕಣ್ಣಿಗೆ ಕುಕ್ಕುತ್ತದೆ. 'ಐಪಿಎಕ್ಸ್4' ಎಂದಿದ್ದರೆ ನೀರಿನ ಎರಚಲು ತಡೆಯುತ್ತದೆ ಎಂದು ಅರ್ಥ. ಮುಂಗಾರಿನಲ್ಲಿ ಇದು ಮುಖ್ಯ. ಗುಂಡಿಯಂಥ ಸಣ್ಣ ಸೆಲ್ಲಿನ ದೀಪ ಅಗ್ಗವಾದರೂ ಬಹಳ ದಿನ ಬಾಳುವುದಿಲ್ಲ. ಹಳ್ಳಿಯ ಅಂಗಡಿಯಲ್ಲಿ ಆ ಸೆಲ್ಲು ಸಿಗುವುದೂ ಅಪರೂಪ. ತಮ್ಮ ಊರಿನಲ್ಲಿ ಸಿಗುವ ಸೆಲ್ಲು ಹಿಡಿಯುವ ದೀಪವನ್ನೇ ಆರಿಸಬೇಕು. ಕೆಲವು ನೂರು ರೂಪಾಯಿಗಳೊಳಗೆ ಒಳ್ಳೆಯ ದೀಪ ದೊರೆಯುತ್ತದೆ.

ಮಿನುಗುವ ದೀಪ ದೂರದಿಂದ ಬೇಗ ಗಮನ ಸೆಳೆಯುತ್ತದೆ ನಿಜ. ಆದರೆ ಸೈಕಲ್ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸಲು ಒಂದೇ ಸಮನೆ ಉರಿಯುವ ದೀಪವೇ ಮೇಲು. ಜರ್ಮನಿಯಲ್ಲಿ ಸೈಕಲ್ಲಿಗೆ ಮಿನುಗುವ ಹಿಂದೀಪಕ್ಕೆ ಅನುಮತಿಯೇ ಇಲ್ಲ. ಅನುಕೂಲವಿದ್ದವರು ಎರಡು ದೀಪ ಹಾಕಿ, ಒಂದನ್ನು ಮಿನುಗಲು, ಇನ್ನೊಂದನ್ನು ಸ್ಥಿರವಾಗಿ ಉರಿಯಲು ಬಿಡಬಹುದು. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.

ಎಲ್ಲಿ ಕಟ್ಟಬೇಕು?

ರೈತರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇದು. ಪೇಟೆಯ ದೀಪಗಳನ್ನು ಸೀಟಿನ ಕೆಳಗೆ ಕಟ್ಟುವಂತೆ ಮಾಡಿರುತ್ತಾರೆ. ಕ್ಯಾರಿಯರಿನ ಮೇಲೆ ಹುಲ್ಲಿನ ಹೊರೆ ಇಲ್ಲವೆ ಹಿಂಡಿ ಮೂಟೆ ಕೂತೊಡನೆ ಆ ದೀಪ ಪೂರ್ತಿ ಮುಚ್ಚಿಹೋಗುತ್ತದೆ. ಸವಾರ ಮಾತ್ರ ದೀಪ ಉರಿಯುತ್ತಿದೆ ಎಂದೇ ನಂಬಿರುತ್ತಾನೆ. ಆದ್ದರಿಂದ ದೀಪವನ್ನು ಕ್ಯಾರಿಯರಿನ ಹಿಂತುದಿಗೆ ಅಥವಾ ಹಿಂದಿನ ಮಡ್‌ಗಾರ್ಡಿಗೆ ಬಿಗಿಯಬೇಕು. ಹೊರೆ ಕೆಳಗೆ ಜೋತುಬೀಳುವುದಾದರೆ ದೀಪವನ್ನು ಹೊರೆಯ ಹಗ್ಗಕ್ಕೇ ಸಿಕ್ಕಿಸಬೇಕು. ವಾಹನಗಳು ಬಲಗಡೆಯಿಂದ ಹಿಂದೆ ಹಾಕುವುದರಿಂದ ಹೊರೆಯ ಬಲ ಅಂಚು ಕಾಣುವಂತಿರಬೇಕು. ಹಾಲಿನ ಕ್ಯಾನು ಕಟ್ಟುವವರು ಕ್ಯಾನಿಗೂ ಹೊಳೆಯುವ ಪಟ್ಟಿ ಅಂಟಿಸುವುದು ಒಳ್ಳೆಯದು. ದೀಪದ ಮುಖ ನೆಲಕ್ಕಾಗಲಿ ಆಕಾಶಕ್ಕಾಗಲಿ ಬಾಗದೆ ನೇರವಾಗಿ ಹಿಂದಕ್ಕೆ ಇರಬೇಕು.

ಮನೆಯಲ್ಲೇ ಪರೀಕ್ಷೆ

ಕತ್ತಲಾದ ಮೇಲೆ ಹೊರೆ ಹೇರಿದ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ದೀಪ ಹೊತ್ತಿಸಿ, ಹಿಂದಕ್ಕೆ ಇನ್ನೂರು ಹೆಜ್ಜೆ ನಡೆದು ತಿರುಗಿ ನೋಡಿ. ಸ್ಪಷ್ಟವಾಗಿ ಕಂಡರೆ ದೀಪ ಸರಿಯಿದೆ. ಮಂಕಾಗಿದ್ದರೆ ಗಾಜು ಒರೆಸಿ, ಸೆಲ್ಲು ಬದಲಿಸಿ ಮತ್ತೆ ನೋಡಿ. ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿದರೆ ಸಾಕು. ಬಹಳ ದಿನ ಬಳಸದಿದ್ದರೆ ಸೆಲ್ಲು ತೆಗೆದಿಡಬೇಕು. ಸೋರಿದ ಸೆಲ್ಲು ದೀಪವನ್ನೇ ಕೆಡಿಸುತ್ತದೆ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಸಭೆಗಳಲ್ಲಿ ಈ ಪರೀಕ್ಷೆಯನ್ನು ಮಾಡಿ ತೋರಿಸಬಹುದು. ದೀಪವಿರುವ ಒಂದು ಸೈಕಲ್, ಇಲ್ಲದ ಒಂದು ಸೈಕಲ್ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಬೇರೆ ಮಾತೇ ಬೇಕಾಗುವುದಿಲ್ಲ. ನಸುಕಿನಲ್ಲಿ ಹೊರಟ ರೈತ ಹೊತ್ತೇರುವ ಮೊದಲು ಸುಖವಾಗಿ ಮನೆಗೆ ಮರಳಬೇಕು. ಅದಕ್ಕೆ ಈ ಸಣ್ಣ ಕೆಂಪು ದೀಪದ ಖರ್ಚು ಹೆಚ್ಚಿನದಲ್ಲ.