ಕತ್ತಿ ತೋರಿಸಿದೆವು, ಒಡಪು ಬಿಟ್ಟೆವು

ಇವತ್ತು ರಾಜಕೀಯ ಬೇಡ, ಒಂದು ಕುಣಿತದ ವಿಷಯ ಮಾತಾಡೋಣ.

ಹೋದ ಕಾರ್ತೀಕದಲ್ಲಿ ಹೆಬ್ಬೆ ಜಲಪಾತದ ಸ್ಟೋರಿ ಮಾಡಲು ಹೋಗಿದ್ವಿ. ವಾಪಸ್ ಬರುವಾಗ ತರೀಕೆರೆ ಕಡೆಯ ಒಂದು ಊರಲ್ಲಿ ವೀರಗಾಸೆ ನಡೀತಿತ್ತು. ಕತ್ತಿ, ಕಾವಿ ಉಡುಗೆ, ತಲೆ ಮೇಲೆ ಬಿಳಿ ಚೌರಿ, ಎದೆ ಮೇಲೆ ವೀರಭದ್ರನ ಹಲಗೆ. ಕ್ಯಾಮೆರಾಕ್ಕೆ ಹಬ್ಬ! ಇಪ್ಪತ್ತು ಸೆಕೆಂಡ್ ವಿಶುವಲ್ ತಗೊಂಡು ಬುಲೆಟಿನ್ ಕೊನೆಗೆ ಹಾಕಿದ್ವಿ. ಆ ಇಪ್ಪತ್ತು ಸೆಕೆಂಡಲ್ಲಿ ಒಂದೇ ಒಂದು ಮಾತು ಇರಲಿಲ್ಲ.

ತಪ್ಪು ಅಲ್ಲೇ ಆಗಿದ್ದು. ವೀರಗಾಸೆಯ ಅರ್ಧ ಜೀವ ಇರೋದೇ ಒಡಪಿನಲ್ಲಿ. ದಕ್ಷ ಯಜ್ಞ ಮಾಡಿದ, ಅಳಿಯ ಶಿವನನ್ನು ಕರೆಯಲಿಲ್ಲ. ಕರೆಯದೆ ಹೋದ ಮಗಳು ದಾಕ್ಷಾಯಿಣಿ ಅವಮಾನ ತಾಳದೆ ಬೆಂಕಿಗೆ ಬಿದ್ದಳು. ಶಿವ ಜಟೆ ಕಿತ್ತು ನೆಲಕ್ಕೆ ಅಪ್ಪಳಿಸಿದಾಗ ಹುಟ್ಟಿದವನು ವೀರಭದ್ರ. ಈ ಕಥೆಯನ್ನು ಏರುದನಿಯಲ್ಲಿ ಹೇಳೋದೇ ಒಡಪು. ಕಾಸೆ ಅಂದರೆ ಬಿಗಿದು ಕಟ್ಟುವ ಕಚ್ಚೆ. ವೀರನ ಕಾಸೆ ವೀರಗಾಸೆ ಆಯಿತು.

ಕುಣಿಯುವವರು ಸಾಮಾನ್ಯವಾಗಿ ಜೋಡಿ ಲೆಕ್ಕ: ಇಬ್ಬರು, ನಾಲ್ವರು, ಆರು ಮಂದಿ. ಇಂಜಿನಿಯರಿಂಗ್ ಓದಿದವನಿಗೆ ಎಣಿಸುವ ಚಟ, ಹೆಜ್ಜೆ ಎಣಿಸುತ್ತಾ ನಿಂತೆ. ಸಂಬಾಳ ಜೋರಾದಂತೆ ಮುಂದೆ ನುಗ್ಗುತ್ತಾರೆ, ಹಿಂದೆ ಸರಿಯುತ್ತಾರೆ, ತಿರುಗುತ್ತಾರೆ. ತಟ್ಟನೆ ವಾದ್ಯ ನಿಲ್ಲುತ್ತದೆ, ಒಬ್ಬರು ಒಡಪು ಹೇಳುತ್ತಾರೆ. ಮಾತು ಮುಗಿಯುತ್ತಿದ್ದಂತೆ ಮತ್ತೆ ಸಂಬಾಳ. ಆ ಮೌನಕ್ಕೆ ಬಂದಾಗ ನನ್ನ ಎಣಿಕೆ ತಪ್ಪಿತು.

ಅಮೆರಿಕದಲ್ಲೂ ಒಂದು ಜೋಡಿ ಕುಣಿತ ಇದೆ, ಲಿಂಡಿ ಹಾಪ್. 1920ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಜನ ಹುಟ್ಟಿಸಿದ್ದು. ಅದರ ದೊಡ್ಡ ಕಲಾವಿದ ಫ್ರಾಂಕಿ ಮ್ಯಾನಿಂಗ್, ಕುಣಿತಕ್ಕೆ ಬೇಡಿಕೆ ಹೋದ ಮೇಲೆ ಅಂಚೆ ಇಲಾಖೆ ಸೇರಿದ. 1980ರ ದಶಕದಲ್ಲಿ ಹುಡುಗರು ಹುಡುಕಿಕೊಂಡು ಬಂದು ಕಲಿಸಿ ಅಂದರು. ಆಗ ಅವನಿಗೆ ಎಪ್ಪತ್ತು ದಾಟಿತ್ತು. 2009ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದ. ಹುಡುಗರು ಬಂದಾಗ ಆತ ಬದುಕಿದ್ದ, ಅದೃಷ್ಟ.

ನಮ್ಮಲ್ಲಿ? ಮಂತ್ರಿಗಳ ಕಾರಿನ ಮುಂದೆ ಕುಣಿಸುತ್ತೇವೆ. ಅಲ್ಲಿ ಒಡಪಿಗೆ ಯಾರು ನಿಲ್ಲುತ್ತಾರೆ?

ಆ ದಿನ ತಂಡದ ಹಿರಿಯರನ್ನು ಕೇಳಿದೆ, "ಅಯ್ನೋರೇ, ಪೂರ್ತಿ ಒಡಪು ಎಷ್ಟು ಹೊತ್ತಾಗುತ್ತೆ?"

"ನೀವು ಎಷ್ಟೊತ್ತು ಕೂತ್ಕೋತೀರಿ ಹೇಳಿ ಸಾರ್" ಅಂದರು.

ಮುಂದಿನ ತಿಂಗಳು ಮತ್ತೆ ಹೋದೆ. ರೆಕಾರ್ಡರ್ ಇಟ್ಟು ಎರಡು ಗಂಟೆ ಕೂತೆ. ಇನ್ನೂ ದಕ್ಷನ ಯಾಗಶಾಲೆಯ ಬಾಗಿಲಿಗೇ ಬಂದಿರಲಿಲ್ಲ.