ಬೀದಿಯಲ್ಲಿ ಸಿಂಹ ಇದೆ ಅಂದ ಮನುಷ್ಯ

ನಾನು ಮಾತಾಡ್ತಾ ಇರೋದು ಮುಂಬಯಿಯ ಭಾಂಡುಪ್‌ನಿಂದ. ನನ್ನ ಊರು ಗದಗ-ಬೆಟಗೇರಿ. ಎಂಟೆಕ್ ಮುಗಿಸಿ ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು. ಕೆಲಸ ಖಾರಿಯ ಆಚೆ ಐರೋಲಿಯಲ್ಲಿ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದ.

ಇವತ್ತಿನ ವಿಷಯ ಸೋಮಾರಿತನ. ಇದರ ಬಗ್ಗೆ ಬೈಬಲ್ ಏನು ಹೇಳುತ್ತೆ, ಅದು ನನ್ನಂಥವನಿಗೆ ಹೇಗೆ ಉಪಯೋಗಕ್ಕೆ ಬಂತು ಅನ್ನೋದು. ನೀವು ಯಾವ ಧರ್ಮದವರೇ ಆಗಿರಿ, ಹದಿನೈದು ನಿಮಿಷ ಕೊಡಿ. ಯಾಕಂದ್ರೆ ಇದು ಉಪದೇಶ ಅಲ್ಲ, ನನ್ನ ತಪ್ಪಿನ ಕಥೆ.

ನಮ್ಮಪ್ಪನ ಹೆಲ್ತ್ ಇನ್ಶೂರೆನ್ಸ್ ನಾನು ಕಟ್ಟುತ್ತಿದ್ದೆ. ಆರು ವರ್ಷದ ಪಾಲಿಸಿ. ಪ್ರತಿ ವರ್ಷ ಜೂನ್‌ನಲ್ಲಿ ಕಾರ್ಡಿನಿಂದ ತಾನಾಗಿಯೇ ಹಣ ಹೋಗುತ್ತಿತ್ತು. ಒಂದು ವರ್ಷ ಆ ಕಾರ್ಡಿನ ಅವಧಿ ಮುಗಿದಿತ್ತು. ಹೊಸ ಕಾರ್ಡಿನ ನಂಬರ್ ಹಾಕಬೇಕು, ಒಂದು ಒಟಿಪಿ ಕೊಡಬೇಕು. ಹತ್ತು ನಿಮಿಷದ ಕೆಲಸ. ಮೇಲ್ ಬಂತು, ಮೆಸೇಜ್ ಬಂತು. "ಈ ಶನಿವಾರ ಮಾಡ್ತೀನಿ" ಅಂದುಕೊಂಡೆ. ಶನಿವಾರ ರಿಲೀಸ್ ಇತ್ತು. ಮುಂದಿನ ಶನಿವಾರ ಮಳೆ, ಮನೆಯಲ್ಲಿ ನೆಟ್ ಇರಲಿಲ್ಲ. ಅಪ್ಪನೂ ಒಮ್ಮೆ ಫೋನಿನಲ್ಲಿ ಕೇಳಿದ್ರು, "ಅದು ಕಟ್ಟಿದ್ಯೇನಪಾ?" ಅಂತ. "ಹೂಂ ಅಪ್ಪಾ, ಮಾಡ್ತೀನಿ" ಅಂದೆ. ಗ್ರೇಸ್ ಅವಧಿ 30 ದಿನ ಇತ್ತು. ಅದೂ ಹೋಯ್ತು.

ಆಗಸ್ಟ್ ಕೊನೆಯಲ್ಲಿ ಒಂದು ಬೆಳಗಿನ ಜಾವ ತಂಗಿ ಫೋನ್ ಮಾಡಿದಳು. "ಅಣ್ಣಾ, ಅಪ್ಪಗ ಎದಿ ನೋವು ಬಂದದ, ಹುಬ್ಬಳ್ಳಿಗೆ ಕರ್ಕೊಂಡು ಹೊಂಟೀವಿ." ಎರಡು ಸ್ಟೆಂಟ್ ಹಾಕಿದ್ರು. ದೇವರ ದಯೆ, ಅಪ್ಪ ಉಳಿದರು. ಬಿಲ್ಲು ಮೂರು ಲಕ್ಷ ದಾಟಿತು. ನನ್ನ ಹತ್ತಿರ ಇದ್ದದ್ದು ಸಾಲಲಿಲ್ಲ. ತಂಗಿಯ ಮದುವೆಗೆ ಅಂತ ಇಟ್ಟಿದ್ದ ಎಫ್‌ಡಿ ಒಡೆದೆವು. ಒಡೆಯೋಕೆ ಸಹಿ ಹಾಕಿದವಳು ತಂಗಿಯೇ.

ಅಪ್ಪ ಬೈಯಲಿಲ್ಲ. ವಾರ್ಡಿನಲ್ಲಿ ನಾನು ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು ಬಿಡಪಾ, ಆಗಿದ್ದಾತು" ಅಂದ್ರು. ಬೈದಿದ್ದರೆ ಚೆನ್ನಾಗಿತ್ತು.

ಈಗ ನೋಡಿ, ಆ ಜೂನ್-ಜುಲೈನಲ್ಲಿ ನಾನು ದಿನಕ್ಕೆ ಹನ್ನೊಂದು ಗಂಟೆ ಕೆಲಸ ಮಾಡ್ತಾ ಇದ್ದೆ. ಮೇಲಿನವರು ಹೊಗಳಿದ್ರು. ನನ್ನನ್ನು ಯಾರಾದರೂ ಸೋಮಾರಿ ಅಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ. ಸೋಮಾರಿ ಅಂದ್ರೆ ಹತ್ತು ಗಂಟೆವರೆಗೆ ಮಲಗೋನು, ಕಟ್ಟೆ ಮೇಲೆ ಕೂತು ಹರಟೆ ಹೊಡೆಯೋನು ಅಂತ ತಾನೆ ನಾವು ತಿಳಿದಿರೋದು?

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಬರದೆ ಮೊಬೈಲಿನಲ್ಲಿ ಜ್ಞಾನೋಕ್ತಿಗಳು ಓದಿದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪುಸ್ತಕ ಅದು. ನಮ್ಮ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು, ಅರ್ಥ ಆಗಿರಲಿಲ್ಲ. ಆ ಪುಸ್ತಕದಲ್ಲಿ ಸೋಮಾರಿ ಅನ್ನುವವನು ಒಬ್ಬ ಪಾತ್ರಧಾರಿ ಇದ್ದ ಹಾಗೆ, ಮತ್ತೆ ಮತ್ತೆ ಬರ್ತಾನೆ. ಅವನ ಮೂರು ಚಿತ್ರ ನಿಮಗೆ ಹೇಳ್ತೀನಿ.

ಮೊದಲನೆಯದು 26ನೇ ಅಧ್ಯಾಯದಲ್ಲಿದೆ. ಅವನು ಮನೆಯಿಂದ ಹೊರಗೆ ಬರಲ್ಲ. ಯಾಕೆ ಅಂದ್ರೆ, ಬೀದಿಯಲ್ಲಿ ಸಿಂಹ ಇದೆ ಅಂತಾನೆ. ಓದಿದಾಗ ನಗು ಬರುತ್ತೆ. ಆದರೆ ಯೋಚನೆ ಮಾಡಿ, ಆ ಕಾಲದ ಆ ದೇಶದಲ್ಲಿ ಸಿಂಹ ನಿಜವಾಗಿಯೂ ಇತ್ತು. ಅವನು ಪೂರ್ತಿ ಸುಳ್ಳು ಹೇಳ್ತಾ ಇಲ್ಲ. ನನ್ನ ರಿಲೀಸೂ ಸುಳ್ಳಲ್ಲ, ಮಳೆಯೂ ಸುಳ್ಳಲ್ಲ. ಜುಲೈನಲ್ಲಿ ಭಾಂಡುಪ್‌ನ ಮಳೆ ಕಂಡವರಿಗೆ ಗೊತ್ತು, ಲೋಕಲ್ ನಿಂತರೆ ಊರೇ ನಿಂತಂತೆ. ಆದರೆ ಹತ್ತು ನಿಮಿಷದ ಕೆಲಸಕ್ಕೆ ಅರವತ್ತು ದಿನದಲ್ಲಿ ಒಂದು ದಿನವೂ ಸಿಂಹ ಮಲಗಲಿಲ್ವಾ? ಅದೇ ಅಧ್ಯಾಯ ಮುಂದೆ ಇನ್ನೊಂದು ಮಾತು ಹೇಳುತ್ತೆ: ಬುದ್ಧಿಯಿಂದ ಉತ್ತರ ಕೊಡುವ ಏಳು ಜನಕ್ಕಿಂತ ತಾನೇ ಜಾಣ ಅಂತ ಸೋಮಾರಿಗೆ ಅನಿಸುತ್ತೆ ಅಂತ. ಇದು ನಮ್ಮಂಥ ಓದಿದವರಿಗೆ ಹೇಳಿದ್ದು. ಓದು ಜಾಸ್ತಿ ಆದಷ್ಟೂ ನೆಪ ಚೆನ್ನಾಗಿ ಕಟ್ಟೋಕೆ ಬರುತ್ತೆ.

ಎರಡನೆಯ ಚಿತ್ರ: ಅವನು ಊಟದ ಪಾತ್ರೆಗೆ ಕೈ ಹಾಕಿದ್ದಾನೆ, ಆದರೆ ತುತ್ತನ್ನು ಬಾಯಿಗೆ ತರೋಕೆ ಆಯಾಸ. ಅಂದ್ರೆ ಶುರು ಮಾಡಿದ್ದಾನೆ, ಮುಗಿಸಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಧ ನೋಡಿದ ಕೋರ್ಸ್ ಒಂಬತ್ತು ಇದ್ದವು. ಇನ್ಶೂರೆನ್ಸಿನ ಪುಟವನ್ನೂ ನಾನು ಎರಡು ಸಲ ತೆರೆದಿದ್ದೆ, ಒಟಿಪಿ ಬರೋದು ತಡ ಆಯ್ತು ಅಂತ ಮುಚ್ಚಿದ್ದೆ. ತುತ್ತು ಕೈಯಲ್ಲಿತ್ತು.

ಮೂರನೆಯದು 24ನೇ ಅಧ್ಯಾಯ. ಬರೆದವನು ಒಬ್ಬ ಸೋಮಾರಿಯ ಹೊಲದ ಪಕ್ಕ ಹಾದು ಹೋಗ್ತಾನೆ. ಮುಳ್ಳು ಬೆಳೆದಿದೆ, ಕಳೆ ಮುಚ್ಚಿದೆ, ಕಲ್ಲಿನ ಗೋಡೆ ಬಿದ್ದಿದೆ. ಆ ಹೊಲವನ್ನು ಯಾರೂ ಹಾಳು ಮಾಡಲಿಲ್ಲ. ಸುಮ್ಮನೆ ಬಿಟ್ಟದ್ದರಿಂದ ಹಾಳಾಯ್ತು. ಇನ್ನು ಸ್ವಲ್ಪ ನಿದ್ದೆ, ಇನ್ನು ಸ್ವಲ್ಪ ತೂಕಡಿಕೆ ಅಂತ ಚೂರು ಚೂರಾಗಿ ಬಿಟ್ಟದ್ದಕ್ಕೆ ಬಡತನ ಕಳ್ಳನ ಹಾಗೆ ಬರುತ್ತೆ ಅನ್ನೋದು ಅಲ್ಲಿನ ಪಾಠ. ಬರೋದು ನಿಧಾನ, ಗೊತ್ತಾಗೋದು ಒಂದೇ ಸಲ. ನಮ್ಮ ಮನೆಗೆ ಅದು ಬೆಳಗಿನ ಜಾವದ ಫೋನಾಗಿ ಬಂತು.

ಕನ್ನಡದಲ್ಲಿ ಸೋಮಾರಿಗೆ ಇನ್ನೊಂದು ಪದ ಇದೆ, ಮೈಗಳ್ಳ. ಮೈ ಕಳ್ಳ. ಕೆಲಸಕ್ಕೆ ಸಲ್ಲಬೇಕಾದ ಮೈಯನ್ನು ತಾನೇ ಕದ್ದವನು. ನಾನು ಮೈಯನ್ನು ಆಫೀಸಿಗೆ ಕೊಟ್ಟಿದ್ದೆ, ಅಪ್ಪನಿಗೆ ಸಲ್ಲಬೇಕಾದ ಹತ್ತು ನಿಮಿಷ ಕದ್ದಿದ್ದೆ. ನನಗೆ ಅರ್ಥ ಆದದ್ದು ಇಷ್ಟೇ: ಸೋಮಾರಿತನ ಅಂದ್ರೆ ಕೆಲಸ ಮಾಡದೆ ಇರೋದು ಮಾತ್ರ ಅಲ್ಲ. ಮಾಡಲೇಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳೋಕೆ ಬೇರೆ ಕೆಲಸ ಮಾಡೋದೂ ಸೋಮಾರಿತನವೇ.

ಸರಿ, ಮದ್ದು ಏನು? 6ನೇ ಅಧ್ಯಾಯ ಸೋಮಾರಿಯನ್ನು ಇರುವೆ ಹತ್ತಿರ ಕಳಿಸುತ್ತೆ. ಇರುವೆಗೆ ಯಜಮಾನ ಇಲ್ಲ, ಮೇಲ್ವಿಚಾರಕ ಇಲ್ಲ, ಆದರೂ ಬೇಸಿಗೆಯಲ್ಲಿ ಆಹಾರ ಕೂಡಿಡುತ್ತೆ ಅನ್ನುತ್ತೆ. ಇಸ್ರೇಲ್ ಕಡೆ ಕಾಳು ಹೊತ್ತು ಬಿಲದಲ್ಲಿ ಕೂಡಿಡುವ ಇರುವೆಗಳು ಈಗಲೂ ಇವೆ. ರಾಣಿ ಇರುವೆ ಮೊಟ್ಟೆ ಇಡುತ್ತೆ, ಆಜ್ಞೆ ಕೊಡಲ್ಲ ಅಂತ ವಿಜ್ಞಾನವೂ ಹೇಳುತ್ತೆ. ನಮಗೆ ಆಫೀಸಿನಲ್ಲಿ ಬೆಳಗಿನ ಸ್ಟ್ಯಾಂಡಪ್ ಇದೆ, ಟಿಕೆಟ್ ಇದೆ, ಕೇಳೋಕೆ ಮ್ಯಾನೇಜರ್ ಇದ್ದಾರೆ. ಅಪ್ಪನ ಪಾಲಿಸಿಗೆ ಟಿಕೆಟ್ ಇಲ್ಲ. ಯಾರೂ ಕೇಳದ ಕೆಲಸದಲ್ಲೇ ನಮ್ಮ ಗುಣ ಗೊತ್ತಾಗೋದು.

ಇರುವೆ ಕೆಲಸ ಅಂದಾಗ ನನಗೆ ನೆನಪಾಗೋದು ಕಿಟೆಲ್. ನಮ್ಮ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ 1841ರಿಂದ ಇದೆ, ಹಾಗಾಗಿ ಚಿಕ್ಕಂದಿನಿಂದ ಕೇಳಿದ ಹೆಸರು. ಫರ್ಡಿನೆಂಡ್ ಕಿಟೆಲ್ ಜರ್ಮನಿಯಿಂದ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದ. ಕಂಪ್ಯೂಟರ್ ಇಲ್ಲ, ಎಕ್ಸೆಲ್ ಇಲ್ಲ. ಒಂದು ಪದ, ಅದರ ಅರ್ಥ, ಅದು ಎಲ್ಲಿ ಬಳಕೆಯಾಗಿದೆ, ಆಮೇಲೆ ಇನ್ನೊಂದು ಪದ. ದಿನಕ್ಕೆ ಹತ್ತು ಪದ ಅಂತ ಲೆಕ್ಕ ಹಾಕಿ ನೋಡಿ, 70,000ಕ್ಕೆ ಹತ್ತೊಂಬತ್ತು ವರ್ಷ ಆಗುತ್ತೆ. ಒಂದು ದಿನದ ಉತ್ಸಾಹದಿಂದ ಆಗೋ ಕೆಲಸ ಅಲ್ಲ ಅದು.

ಅಷ್ಟು ದೂರ ಬೇಡ ಅಂದ್ರೆ ಭಾಂಡುಪ್‌ಗೇ ಬನ್ನಿ. ಏಷ್ಯಾದ ಬಹು ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಒಂದು ಇಲ್ಲಿದೆ, ಮುಂಬಯಿಗೆ ನೀರು ಹೋಗೋದು ಇಲ್ಲಿಂದ. ಆದರೆ ಇಲ್ಲೇ ಗುಡ್ಡದ ಮೇಲಿನ ಚಾಳಿನಲ್ಲಿ ನಾನು ಮೊದಲ ಎರಡು ವರ್ಷ ಬಾಡಿಗೆಗೆ ಇದ್ದಾಗ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದು ಬೆಳಗ್ಗೆ ಒಂದು ಗಂಟೆ ಹೊತ್ತು. ಪಕ್ಕದ ಮನೆ ಮೌಶಿ ನಾಲ್ಕೂವರೆಗೆ ಎದ್ದು ಡ್ರಮ್ ತುಂಬಿಸುತ್ತಿದ್ದರು. ಅವರು ಯಾವ ಮೋಟಿವೇಶನ್ ವಿಡಿಯೋನೂ ನೋಡಿರಲಿಲ್ಲ. ನೀರಿಗೆ ಹೊತ್ತು ಇದೆ, ಆ ಹೊತ್ತಿಗೆ ಕೊಡ ಇಡಬೇಕು, ಅಷ್ಟೇ. ಇರುವೆ ಬೇಸಿಗೆಯಲ್ಲಿ ಮಾಡೋದೂ ಅದನ್ನೇ.

ನಾನು ಈಗ ಏನು ಮಾಡ್ತೀನಿ ಅಂತ ಹೇಳಿಬಿಡ್ತೀನಿ.

ಒಂದು, ಪ್ರತಿ ಭಾನುವಾರ ಸಂಜೆ ಒಂದು ಹಾಳೆಯಲ್ಲಿ ನನ್ನ ಸಿಂಹದ ಹೆಸರು ಬರೀತೀನಿ. ಯಾವ ಕೆಲಸ ಮುಂದೂಡ್ತಾ ಇದ್ದೀನಿ, ಯಾವ ನೆಪ ಹೇಳ್ತಾ ಇದ್ದೀನಿ. ಬರೆದ ಮೇಲೆ ಅರ್ಧ ಸಿಂಹ ಬೆಕ್ಕಾಗುತ್ತೆ.

ಎರಡು, ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೇಲ್ ತೆರೆಯೋ ಮೊದಲು ಅದರಲ್ಲಿ ಒಂದನ್ನು ಮುಗಿಸ್ತೀನಿ. ಶುರು ಮಾಡೋದಲ್ಲ, ಮುಗಿಸೋದು. ತುತ್ತು ಬಾಯಿಗೆ ಬರಬೇಕು.

ಮೂರು, ಮುಗಿದ ಮೇಲೆ ತಂಗಿಗೆ ಒಂದು ಮೆಸೇಜ್ ಹಾಕ್ತೀನಿ. ನಾನು ಇರುವೆಯಷ್ಟು ಒಳ್ಳೆಯವನಲ್ಲ, ನನಗೆ ಕೇಳೋರು ಬೇಕು.

ಕೊನೆಗೆ ಎರಡು ಎಚ್ಚರಿಕೆ. ಇದನ್ನು ಕೇಳಿ ಯಾರೂ ದಿನಕ್ಕೆ ಹದಿನಾಲ್ಕು ಗಂಟೆ ದುಡಿಯೋಕೆ ಹೋಗಬೇಡಿ. ಸೋಮಾರಿಯನ್ನು ಬೈಯೋ ಅದೇ ಬೈಬಲ್, ಆರು ದಿನ ದುಡಿದು ಏಳನೇ ದಿನ ವಿಶ್ರಾಂತಿ ತಗೋ ಅಂತ ಹತ್ತು ಆಜ್ಞೆಗಳಲ್ಲೇ ಇಟ್ಟಿದೆ. ಆಳಿಗೂ ವಿಶ್ರಾಂತಿ, ಎತ್ತಿಗೂ ವಿಶ್ರಾಂತಿ. ದಣಿದು ಮಲಗಿದವನು ಸೋಮಾರಿ ಅಲ್ಲ.

ಇನ್ನೊಂದು. ವಾರಗಟ್ಟಲೆ ಹಾಸಿಗೆಯಿಂದ ಏಳೋಕೆ ಆಗ್ತಾ ಇಲ್ಲ, ಇಷ್ಟದ ಕೆಲಸವೂ ಬೇಡ ಅನಿಸುತ್ತೆ ಅಂದ್ರೆ ಅದು ಕಾಯಿಲೆ ಇರಬಹುದು. ಊರು ಬಿಟ್ಟು ಒಂದೇ ರೂಮಿನಲ್ಲಿ ಒಬ್ಬರೇ ಇರೋ ನಮ್ಮ ಹುಡುಗರು, ಹುಡುಗಿಯರು ದಯವಿಟ್ಟು ಕೇಳಿಸಿಕೊಳ್ಳಿ. ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಅಂಥವರಿಗೆ ಜ್ಞಾನೋಕ್ತಿಯ ಇರುವೆ ತೋರಿಸಿ ಬೈಯೋದು ಪಾಪ.

ಅಪ್ಪ ಈಗ ಚೆನ್ನಾಗಿದ್ದಾರೆ, ಬೆಳಗ್ಗೆ ವಾಕಿಂಗ್ ಹೋಗ್ತಾರೆ. ಹೊಸ ಪಾಲಿಸಿ ಮಾಡಿಸಿದ್ದೀನಿ, ಆದರೆ ಹೃದಯದ ತೊಂದರೆಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಶುರು. ಅದು ಮುಗಿಯೋವರೆಗೆ ರಾತ್ರಿ ಫೋನ್ ಬಂದರೆ ನನ್ನ ಎದೆ ಹೊಡೆದುಕೊಳ್ಳುತ್ತೆ. ತಂಗಿಯ ಮದುವೆ ಒಂದು ವರ್ಷ ಮುಂದಕ್ಕೆ ಹೋಗಿ ಕಳೆದ ಮೇನಲ್ಲಿ ಆಯ್ತು. ಅವಳು ಆ ಹಣದ ಮಾತು ಒಮ್ಮೆಯೂ ಎತ್ತಿಲ್ಲ. ನಾನು ಪ್ರತಿ ತಿಂಗಳು 1ನೇ ತಾರೀಖು ಅವಳ ಖಾತೆಗೆ ಸ್ವಲ್ಪ ಸ್ವಲ್ಪ ಹಾಕ್ತಾ ಇದ್ದೀನಿ. ಅದನ್ನು ಆಟೋ ಡೆಬಿಟ್‌ಗೆ ಹಾಕಿಲ್ಲ. ಬೇಕಂತಲೇ ಕೈಯಿಂದ ಕಳಿಸ್ತೀನಿ.

ನೀವು ಮುಂದೂಡ್ತಾ ಇರೋ ಆ ಹತ್ತು ನಿಮಿಷದ ಕೆಲಸ ಯಾವುದು ಅಂತ ಇಷ್ಟು ಹೊತ್ತಿಗೆ ನಿಮಗೆ ನೆನಪಾಗಿರುತ್ತೆ. ಇದನ್ನು ನಿಲ್ಲಿಸಿ, ಮೊದಲು ಅದನ್ನು ಮುಗಿಸಿ. ದೇವರು ಒಳ್ಳೇದು ಮಾಡಲಿ.