ಹಸ್ತಪ್ರತಿಯ ಸಂಖ್ಯೆ ಬರೆದಿಟ್ಟುಕೊಳ್ಳಿ

ಕೇಳುಗರೇ, ನಿಮ್ಮ ಕಾಗದಗಳಲ್ಲಿ ಮತ್ತೆ ಮತ್ತೆ ಬರುವ ಅಳಲು ಒಂದೇ. ಬಿಜಾಪುರದ ಆದಿಲ್‌ಶಾಹಿ ಗ್ರಂಥಗಳೆಲ್ಲ ಕಡಲಾಚೆ ಹೋಗಿವೆ, ನಮ್ಮಂಥವರು ನೋಡುವುದು ಹೇಗೆ? ಶುಲ್ಕವೆಷ್ಟು, ಯಾರ ಶಿಫಾರಸು ಬೇಕು?

ಅನೇಕ ಗ್ರಂಥಗಳಿಗೆ ಇದಾವುದೂ ಬೇಡ. 1570ರ ಸುಮಾರಿಗೆ ಬಿಜಾಪುರದಲ್ಲಿ ಸಿದ್ಧವಾದ 'ನುಜೂಮ್ ಅಲ್ ಉಲೂಮ್' ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಅದರ ಚಿತ್ರಗಳನ್ನು ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ನೋಡಬಹುದು. ಬಿಜಾಪುರದವಷ್ಟೇ ಅಲ್ಲ, ಕತಾರ್ ಡಿಜಿಟಲ್ ಲೈಬ್ರರಿ 2014ರಿಂದ ಅರಬ್ಬೀ ವಿಜ್ಞಾನದ ಹಸ್ತಪ್ರತಿಗಳನ್ನು ಉಚಿತವಾಗಿ ತೆರೆದಿಟ್ಟಿದೆ. ಪಶ್ಚಿಮ ಆಫ್ರಿಕಾದ ಟಿಂಬಕ್ಟುವಿನ ಹಸ್ತಪ್ರತಿಗಳು ಅಮೆರಿಕದ ಹಿಲ್ ಮ್ಯೂಸಿಯಂ ಗ್ರಂಥಾಲಯದ ತಾಣದಲ್ಲಿವೆ, ಹೆಸರು ನೋಂದಾಯಿಸಿದರೆ ಸಾಕು. ಇವೆಲ್ಲ ಬರೀ ಧರ್ಮಗ್ರಂಥಗಳೆಂದು ತಿಳಿದವರು ದಯವಿಟ್ಟು ಒಮ್ಮೆ ತೆರೆದು ನೋಡಿ. ನುಜೂಮ್‌ನಲ್ಲಿರುವುದು ಗ್ರಹ, ರಾಶಿ, ಆನೆ, ಕುದುರೆ, ಆಯುಧ.

ಇನ್ನು ನನ್ನ ಮುಖ್ಯ ಮಾತು. ಪ್ರತಿ ಹಸ್ತಪ್ರತಿಗೂ ಗ್ರಂಥಾಲಯ ಕೊಟ್ಟ ಒಂದು ಸಂಖ್ಯೆ ಇರುತ್ತದೆ. ಡಬ್ಲಿನ್ನಿನ ನುಜೂಮ್‌ಗೆ ಅದು 'ಸಿಬಿಎಲ್ ಇನ್ 2'. ನೋಡಿದ ಕೂಡಲೇ ಅದನ್ನು ಬರೆದುಕೊಳ್ಳಿ. ಏಕೆ ಗೊತ್ತೇ? ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನೀವು ಒಂದು ಕಾಗುಣಿತದಲ್ಲಿ ಹುಡುಕುತ್ತೀರಿ, ಪಟ್ಟಿಯಲ್ಲಿ ಇನ್ನೊಂದಿರುತ್ತದೆ, ಸಿಗುವುದಿಲ್ಲ. "ಅಂತರ್ಜಾಲದಲ್ಲಿ ಎಲ್ಲ ಹುಡುಕಬಹುದು" ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಅಲ್ಲಿರುವುದು ಹಾಳೆಯ ಚಿತ್ರ. ಒಳಗಿನ ಕೈಬರಹವನ್ನು ಯಾರೂ ಅಕ್ಷರಕ್ಕಿಳಿಸದಿದ್ದರೆ ಅದರ ಒಂದು ಪದವೂ ಹುಡುಕಾಟಕ್ಕೆ ಸಿಗದು. ಸಂಖ್ಯೆ ಮಾತ್ರ ಸಿಗುತ್ತದೆ. ಹೆಸರು ಮರೆತರೂ ಚಿಂತೆಯಿಲ್ಲ, ಸಂಖ್ಯೆ ಮರೆಯಬೇಡಿ.

ಒಬ್ಬ ಹುಡುಗ ಮೊಬೈಲಿನಲ್ಲಿ ಸೊಗಸಾದ ಫಾರ್ಸಿ ಪುಟವೊಂದನ್ನು ತಂದು ತೋರಿಸಿದ್ದ. ಯಾವ ಊರಿನದು, ಯಾವ ಗ್ರಂಥದ್ದು, ಎಷ್ಟನೇ ಹಾಳೆ, ಅವನಿಗೂ ಗೊತ್ತಿಲ್ಲ, ಕಳಿಸಿದವರಿಗೂ ಗೊತ್ತಿಲ್ಲ. ಆ ಪುಟದಿಂದ ಲೇಖನದ ಒಂದು ಸಾಲನ್ನೂ ಬರೆಯಲಾಗಲಿಲ್ಲ. ನನಗೆ ಈಗಲೂ ಸಂಕಟವಾಗುತ್ತದೆ.

ತಾಣಗಳ ವಿಳಾಸ ಬದಲಾಗುತ್ತದೆ, ತಾಣಗಳೇ ನಿಂತುಹೋಗುತ್ತವೆ. ಬಿಜಾಪುರದ ಆಸಾರ್ ಮಹಲಿನಿಂದ 1853ರಲ್ಲಿ ಲಂಡನ್ನಿಗೆ ಹೋದ ಗ್ರಂಥಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. 2023ರ ಅಕ್ಟೋಬರಿನಲ್ಲಿ ಆ ಗ್ರಂಥಾಲಯದ ಮೇಲೆ ಸೈಬರ್ ದಾಳಿಯಾಗಿ, ಅದರ ಹಸ್ತಪ್ರತಿಗಳ ತಾಣ ಬಹುಕಾಲ ಮುಚ್ಚಿತ್ತು. ಕೊಂಡಿಯನ್ನಷ್ಟೇ ಉಳಿಸಿಕೊಂಡವರ ಕೈ ಬರಿದಾಯಿತು. ಸಂಖ್ಯೆ ಬರೆದಿಟ್ಟುಕೊಂಡವರು ಹಳೆಯ ಮುದ್ರಿತ ಸೂಚಿಗಳಲ್ಲಾದರೂ ವಿವರ ಹುಡುಕಬಹುದಿತ್ತು.

ಹಸ್ತಪ್ರತಿಯ ಸಂಖ್ಯೆಯ ಜೊತೆ ಹಾಳೆಯ ಅಂಕಿಯನ್ನೂ ಬರೆದುಕೊಳ್ಳಿ. ಹಾಳೆಗೆ ಎರಡು ಮಗ್ಗುಲು, ಅಂಕಿ ಒಂದೇ. ಯಾವ ಮಗ್ಗುಲು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಓದಲು ಬಾರದಿದ್ದರೆ ನಿಮ್ಮೂರಿನ ಫಾರ್ಸಿ, ಉರ್ದು ಬಲ್ಲ ಹಿರಿಯರ ಬಳಿ ಕೂತು ಓದಿಸಿಕೊಳ್ಳಿ. ಮತ್ತೊಬ್ಬರಿಗೆ ಚಿತ್ರ ಕಳಿಸುವಾಗ ಗ್ರಂಥಾಲಯದ ಹೆಸರು, ಹಸ್ತಪ್ರತಿಯ ಸಂಖ್ಯೆ, ಹಾಳೆಯ ಅಂಕಿ, ಈ ಮೂರನ್ನೂ ಜೊತೆಗೆ ಬರೆದೇ ಕಳಿಸಿ.